ಗಿಡ ನೆಟ್ಟ ದಿನ ಬಂದ ಫೋಟೋಗ್ರಾಫರ್‌ನ ಮೂರನೇ ಬೇಸಿಗೆಗೂ ಕಳಿಸಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಶುರುವಾಯ್ತು ಅಂದ್ರೆ ನಿಮ್ಮ ಪತ್ರಿಕೆಯ ಒಳಪುಟಗಳಲ್ಲಿ ಗಿಡ ನೆಡೋ ಫೋಟೋಗಳು ಸಾಲುಸಾಲಾಗಿ ಬರ್ತವೆ. ಒಂದೇ ಒಂದು ಗಿಡ, ಅದರ ಸುತ್ತ ಹತ್ತು ಹದಿನೈದು ಜನ, ಎಲ್ಲರ ಕೈಯೂ ಗಿಡದ ಮೇಲೆ, ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಅಂಥ ಫೋಟೋದಲ್ಲಿ ನಾನೂ ನಿಂತಿದ್ದೀನಿ, ಅದರಲ್ಲಿ ತಪ್ಪೇನೂ ಇಲ್ಲ, ನೋಡಿದ ನಾಲ್ಕು ಜನಕ್ಕೆ ಹುಮ್ಮಸ್ಸು ಬರುತ್ತೆ. ನಾನು ಕೇಳೋದು ಬೇರೆ. ಆ ಫೋಟೋ ತೆಗೆದ ಜಾಗಕ್ಕೆ ಮೂರನೇ ಬೇಸಿಗೆಯಲ್ಲಿ, ಬಿಸಿಲು ನೆತ್ತಿ ಸುಡೋ ಹೊತ್ತಲ್ಲಿ, ನಿಮ್ಮ ಅದೇ ಫೋಟೋಗ್ರಾಫರ್‌ನ ಇನ್ನೊಂದು ಸಲ ಕಳಿಸಿ. ಗಿಡ ಇದ್ರೆ ಗಿಡದ ಫೋಟೋ ಹಾಕಿ, ಇಲ್ದಿದ್ರೆ ಖಾಲಿ ಗುಂಡಿಯ ಫೋಟೋ ಹಾಕಿ. ಈ ಪತ್ರ ಬರೀತಿರೋದು ಅದೊಂದು ಕೋರಿಕೆಗೋಸ್ಕರ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ಬೇಕಾಗುತ್ತೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಸಾರ್ವಜನಿಕ ಮರಗಳನ್ನ ನೋಡ್ಕೊಳ್ಳೋ ಒಂದು ಸ್ವಯಂಸೇವಕರ ಸಮಿತಿಯಲ್ಲಿ ನಾನಿದ್ದೀನಿ. ಸಂಬಳ ಇಲ್ಲ, ಆಫೀಸ್ ಇಲ್ಲ, ಒಂದು ವಾಟ್ಸ್ಆಪ್ ಗ್ರೂಪ್ ಇದೆ, ಭಾನುವಾರ ಬೆಳಿಗ್ಗೆ ತಪ್ಪದೆ ಸಿಗೋ ಎಂಟತ್ತು ಜನ ಇದ್ದೀವಿ. ಸಾರ್ವಜನಿಕ ಮರ ಅಂದ್ರೆ ರಸ್ತೆ ಬದಿಯದ್ದು, ಪಾರ್ಕಿನದ್ದು, ಶಾಲೆ, ಆಸ್ಪತ್ರೆ, ಸ್ಮಶಾನದ ಆವರಣದ್ದು, ಹೀಗೆ ಯಾರೊಬ್ಬರ ಮನೆಗೂ ಸೇರದ ಮರ. ಅದರ ಕಷ್ಟ ಇರೋದೂ ಅಲ್ಲೇ. ಕಾಂಪೌಂಡ್ ಒಳಗಿನ ಗಿಡ ಬಾಡಿದ್ರೆ ಮನೆಯವರು ಎದ್ದು ಹೋಗಿ ನೀರು ಹಾಕ್ತಾರೆ, ಗೇಟಿಂದ ಎರಡು ಹೆಜ್ಜೆ ಆಚೆ ಇರೋ ಗಿಡ ಬಾಡಿದ್ರೆ "ಅದು ನಮ್ದಲ್ಲ" ಅಂತಾರೆ. ಅವರು ಕೆಟ್ಟವರಲ್ಲ, ಮರ ಬೇಡ ಅನ್ನೋರೂ ಅಲ್ಲ, ಆದ್ರೆ ಅದು ತಮ್ಮದೂ ಹೌದು ಅಂತ ಅವರಿಗೆ ಯಾರೂ ಹೇಳಿಲ್ಲ.

ಮೊದಲನೇ ವರ್ಷ ನಾವೂ ಲೆಕ್ಕದ ಹಿಂದೆ ಬಿದ್ವಿ. ಸಿಕ್ಕೋರೆಲ್ಲ ಎಷ್ಟು ನೆಟ್ರಿ ಎಷ್ಟು ನೆಟ್ರಿ ಅಂತ ಕೇಳೋರು, ನಾವೂ ಖುಷಿಯಿಂದ ಹೇಳೋರು. ಮುಂದಿನ ಬೇಸಿಗೆಯಲ್ಲಿ ಒಂದು ನೋಟ್‌ಬುಕ್ ಹಿಡ್ಕೊಂಡು ಅದೇ ದಾರಿಯಲ್ಲಿ ನಡ್ಕೊಂಡು ಹೋದಾಗ ಗೊತ್ತಾಯ್ತು, ಅರ್ಧದಷ್ಟೂ ಉಳಿದಿರ್ಲಿಲ್ಲ. ಕಬ್ಬಿಣದ ಗಾರ್ಡ್ ನೆಟ್ಟಗೆ ನಿಂತಿದೆ, ಗಾರ್ಡ್ ಮೇಲೆ ದಾನಿಗಳ ಹೆಸರಿನ ಬೋರ್ಡ್ ಹೊಳೀತಾ ಇದೆ, ಒಳಗಡೆ ಒಂದು ಒಣಗಿದ ಕಡ್ಡಿ. ನಮ್ಮವರೊಬ್ಬರು ಒಂದು ಕಡ್ಡೀನ ಹಿಡಿದು ಎಳೆದ್ರು, ಬೇರು ಕಪ್ಪು ಪ್ಲಾಸ್ಟಿಕ್ ಕವರ್ ಸಮೇತ ಮೇಲೆ ಬಂತು. ಅವಸರದಲ್ಲಿ ಯಾರೋ ನರ್ಸರಿ ಕವರ್ ಬಿಚ್ಚದೇ ನೆಟ್ಟಿದ್ರು, ಆ ಯಾರೋ ನಾನೇ ಇರಬಹುದು. ಬೇರು ಕವರ್ ಒಳಗೇ ಸುತ್ತಿ ಸುತ್ತಿ ಚಕ್ಕುಲಿ ಥರ ಆಗಿತ್ತು, ಆಚೆ ಮಣ್ಣಿಗೆ ಒಂದು ಎಳೆ ಕೂಡ ಹೋಗಿರ್ಲಿಲ್ಲ. ಅವತ್ತು ಯಾರೂ ಹೆಚ್ಚು ಮಾತಾಡ್ಲಿಲ್ಲ. ಆ ವರ್ಷದಿಂದ ನಮ್ಮ ಮೀಟಿಂಗ್‌ನಲ್ಲಿ "ಎಷ್ಟು ನೆಟ್ವಿ" ಅನ್ನೋ ಲೆಕ್ಕ ಬರೆಯೋದನ್ನೇ ನಿಲ್ಲಿಸಿ "ಎಷ್ಟು ಇದಾವೆ" ಅಂತ ಬರೀತಾ ಇದ್ದೀವಿ.

ಈ ಮಾತಿಗೆ ನಮ್ಮೆಲ್ಲರಿಗೂ ಗೊತ್ತಿರೋ ದೊಡ್ಡ ಉದಾಹರಣೆ ಸಾಲುಮರದ ತಿಮ್ಮಕ್ಕ. ಅವರ ಹೆಸರು ಹೇಳಿ ಭಾಷಣ ಮಾಡೋರು ಬೇಕಾದಷ್ಟು ಜನ, ಅವರು ಮಾಡಿದ ಕೆಲಸವನ್ನ ಬಿಡಿಸಿ ನೋಡೋರು ಕಮ್ಮಿ. ಹುಲಿಕಲ್ಲಿಂದ ಕುದೂರಿಗೆ ಹೋಗೋ ದಾರಿಯಲ್ಲಿ ಅವರೂ ಅವರ ಗಂಡ ಚಿಕ್ಕಯ್ಯನವರೂ ಮೊದಲನೇ ವರ್ಷ ನೆಟ್ಟಿದ್ದು 10 ಆಲದ ಸಸಿ, ಎರಡನೇ ವರ್ಷ 15, ಮೂರನೇ ವರ್ಷ 20. ಹತ್ತೇ ಹತ್ತು! ತಾವು ಎಷ್ಟಕ್ಕೆ ನೀರು ಹೊರಬಲ್ಲೆವೋ ಅಷ್ಟೇ ನೆಟ್ರು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ. ಕೊಡದಲ್ಲಿ ನೀರು ತುಂಬ್ಕೊಂಡು ಕಿಲೋಮೀಟರ್‌ಗಟ್ಟಲೆ ಹೊತ್ತು ಹಾಕಿದ್ರು, ದನ ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿದ್ರು, ಮಳೆಗಾಲ ನೋಡ್ಕೊಂಡು ನೆಟ್ರು. ಹಾಗೆ ಬೆಳೆದ ಸಾಲು ಅದು, ಸುಮಾರು 4 ಕಿಲೋಮೀಟರ್ ಉದ್ದಕ್ಕೆ. 2019ರಲ್ಲಿ ಪದ್ಮಶ್ರೀ ಬಂತು, ಸರಿ, ಆದ್ರೆ ನನಗೆ ಆ ಪ್ರಶಸ್ತಿಗಿಂತ ಮೊದಲನೇ ವರ್ಷದ ಆ 10 ಅನ್ನೋ ಸಂಖ್ಯೆನೇ ಹೆಚ್ಚು ಕಾಡುತ್ತೆ. ನಾವು ಒಂದೇ ಬೆಳಿಗ್ಗೆ ಸಾವಿರ ನೆಡ್ತೀವಿ, ಸಾವಿರ ಕೊಡ ನೀರು ಹೊರೋರು ಯಾರು ಅಂತ ಒಬ್ಬರೂ ಕೇಳಲ್ಲ.

ನೆಡೋದು ಅಂದ್ರೆ ಗುಂಡಿ ತೋಡಿ ಇಡೋದು ಅಂದ್ಕೊಂಡಿದ್ವಿ, ಅದರಲ್ಲೂ ಕಲಿಯೋದು ಎಷ್ಟಿದೆ ಅಂತ ಆಮೇಲೆ ತಿಳೀತು. ಗುಂಡಿ ಆಳಕ್ಕಿಂತ ಅಗಲ ಇರ್ಬೇಕು, ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ, ಆಳ ಮಾತ್ರ ಮುದ್ದೆ ಎಷ್ಟು ಎತ್ತರ ಇದೆಯೋ ಅಷ್ಟೇ. ಕಾಂಡ ಕೆಳಗೆ ಬರ್ತಾ ಅಗಲ ಆಗಿ ಬೇರಾಗೋ ಜಾಗ ಇದೆಯಲ್ಲ, ಅದು ಮಣ್ಣಿನ ಮೇಲೆ ಕಣ್ಣಿಗೆ ಕಾಣ್ತಿರ್ಬೇಕು, ಅದನ್ನ ಹೂತು ಹಾಕಿದ್ರೆ ತೊಗಟೆ ಕೊಳೆಯುತ್ತೆ, ಬೇರಿಗೆ ಗಾಳಿ ಸಿಗಲ್ಲ, ಗಿಡ ಎರಡು ಮೂರು ವರ್ಷ ಚೆನ್ನಾಗೇ ಇದ್ದ ಹಾಗೆ ಕಂಡು ಆಮೇಲೆ ಸೊರಗುತ್ತೆ. ಸುತ್ತಿಕೊಂಡಿರೋ ಬೇರನ್ನ ಬಿಡಿಸ್ಬೇಕು ಇಲ್ಲಾ ಕತ್ತರಿಸ್ಬೇಕು, ಇಲ್ಲಾಂದ್ರೆ ಮುಂದೆ ಅದೇ ಬೇರು ದಪ್ಪ ಆಗಿ ಮರದ ಕುತ್ತಿಗೆಯನ್ನೇ ಹಿಸುಕುತ್ತೆ. ಬುಡದ ಸುತ್ತ ತರಗೆಲೆ ಹೊದಿಸ್ಬೇಕು, ನಾಲ್ಕು ಬೆರಳು ದಪ್ಪ, ಆದ್ರೆ ಕಾಂಡಕ್ಕೆ ತಾಗಬಾರ್ದು, ಗುಡ್ಡೆ ಹಾಕಬಾರ್ದು. ಊರುಗೋಲು ಕಟ್ಟಿದ್ರೆ ಸಡಿಲವಾಗಿ ಕಟ್ಬೇಕು, ವರ್ಷ ಕಳೆದ ಮೇಲೆ ಮರೀದೆ ಬಿಚ್ಬೇಕು, ಯಾಕಂದ್ರೆ ಗಾಳಿಗೆ ಅಲುಗಾಡಿದಾಗ್ಲೇ ಕಾಂಡ ಗಟ್ಟಿ ಆಗೋದು. ನೀರು ದಿನಾ ಒಂದು ಲೋಟ ಚಿಮುಕಿಸೋದಕ್ಕಿಂತ ವಾರಕ್ಕೆ ಒಂದೆರಡು ಸಲ ನಿಧಾನಕ್ಕೆ ಆಳಕ್ಕೆ ಇಳಿಯೋ ಹಾಗೆ ಕೊಡೋದು ಒಳ್ಳೇದು, ಮೇಲೆ ಮಾತ್ರ ಒದ್ದೆ ಮಾಡಿದ್ರೆ ಬೇರೂ ಮೇಲೇ ಉಳಿಯುತ್ತೆ. ಇದ್ಯಾವುದೂ ದೊಡ್ಡ ವಿದ್ಯೆ ಅಲ್ಲ, ಆದ್ರೆ ನೆಡೋ ಕಾರ್ಯಕ್ರಮದಲ್ಲಿ ಮೈಕ್ ಮುಂದೆ ಇದನ್ನ ಯಾರೂ ಹೇಳಿಕೊಡಲ್ಲ.

ಇನ್ನು ಬೆಳೆದು ನಿಂತಿರೋ ಮರಗಳ ಪಾಡು. ನಮ್ಮ ಭಾನುವಾರಗಳು ಹೆಚ್ಚು ಖರ್ಚಾಗೋದು ಅಲ್ಲೇ. ಮೊಳೆ ಕೀಳೋದು ಒಂದು ಕೆಲಸ, ಬಾಡಿಗೆಗೆ ಮನೆ ಇದೆ, ಟ್ಯೂಷನ್ ಇದೆ ಅನ್ನೋ ಬೋರ್ಡ್‌ಗಳಿಗೆ ಹೊಡೆದ ಮೊಳೆ. ಮರದ ಜೀವ ಇರೋದು ತೊಗಟೆಯ ಕೆಳಗಿನ ತೆಳ್ಳನೆ ಪದರದಲ್ಲಿ, ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋ ದಾರಿ ಅದು, ಮರ ದಪ್ಪ ಆಗೋದೂ ಅಲ್ಲಿಂದ್ಲೇ. ಕೇಬಲ್ ವೈರನ್ನ ಸುತ್ತಿ ಬಿಟ್ರೆ, ಗಾರ್ಡ್ ತೆಗೆಯೋದು ಮರೆತ್ರೆ, ಮರ ದಪ್ಪ ಆಗ್ತಾ ಆಗ್ತಾ ಅದು ಉರುಳಿನ ಥರ ಬಿಗಿಯುತ್ತೆ. ಗಾರ್ಡನ್ನ ನುಂಗಿ ಬೆಳೆದ ಮರಗಳನ್ನ ನೀವೂ ನೋಡಿರ್ತೀರಿ, ಕಾಪಾಡೋಕೆ ಅಂತ ಹಾಕಿದ್ದೇ ಕೊರಳಿಗೆ ಬಂದಿರುತ್ತೆ. ನಮ್ಮ ಗುಂಪಲ್ಲಿ ವೆಲ್ಡಿಂಗ್ ಕೆಲಸದವರೊಬ್ಬರಿದ್ದಾರೆ, ತಮ್ಮ ಕಟರ್ ತಂದು ಒಂದೊಂದೇ ಸರಳು ಹುಷಾರಾಗಿ ಕತ್ತರಿಸಿ ತೆಗೀತಾರೆ, ಅವರಿಂದ ಉಳಿದ ಮರಗಳು ನಾನು ನೆಟ್ಟ ಮರಗಳಿಗಿಂತ ಜಾಸ್ತಿ.

ಬುಡಕ್ಕೆ ಕಾಂಕ್ರೀಟ್ ಹಾಕೋದು ಇದಕ್ಕಿಂತ ಘೋರ. ಜನ ಅಂದ್ಕೊಂಡಿರೋದು ಬೇರು ಪಾತಾಳಕ್ಕೆ ಹೋಗುತ್ತೆ, ಮೇಲೆ ಏನು ಮಾಡಿದ್ರೂ ನಡೆಯುತ್ತೆ ಅಂತ. ನೀರು ಗೊಬ್ಬರ ಹೀರೋ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಎರಡು ಅಡಿ ಮಣ್ಣಲ್ಲೇ ಇರ್ತವೆ, ಹರಡೋದು ಕೊಂಬೆಗಳ ನೆರಳಿಗಿಂತಲೂ ಆಚೆಗೆ. ಪೈಪ್‌ಗೆ ಅಂತ ಜೆಸಿಬಿ ಬುಡದ ಪಕ್ಕದಲ್ಲೇ ಉದ್ದಕ್ಕೆ ಅಗೆದುಕೊಂಡು ಹೋದ್ರೆ ಒಂದು ಕಡೆಯ ಬೇರೆಲ್ಲ ಹೋಯ್ತು. ಮರ ಅವತ್ತೇ ಸಾಯಲ್ಲ. ಎರಡು ವರ್ಷ ಆದ್ಮೇಲೆ ಜೋರು ಗಾಳಿಗೆ ಬೀಳುತ್ತೆ, ಯಾರದ್ದೋ ಗಾಡಿ ಜಖಂ ಆಗುತ್ತೆ, ಆಗ ಎಲ್ಲರೂ ಸೇರಿ ಹೇಳೋದು ಹಳೇ ಮರಗಳು ಅಪಾಯ, ಕಡಿಸಿಬಿಡಿ ಅಂತ. ಬೇರು ಕಡಿದವರ ಹೆಸರು ಆ ಹೊತ್ತಿಗೆ ಯಾರ ನೆನಪಲ್ಲೂ ಇರಲ್ಲ. ಹಾಗೆ ಬಿದ್ದ ಒಂದು ಮರದ ಬುಡ ನಾನು ಕೂತು ನೋಡಿದ್ದೀನಿ, ಒಂದು ಪಕ್ಕದ ಬೇರು ಚಾಕುವಲ್ಲಿ ಕೊಯ್ದ ಹಾಗೆ ನೇರವಾಗಿ ಕಟ್ ಆಗಿತ್ತು. ಅದರ ಬಗ್ಗೆ ಪತ್ರಿಕೆಗಳಲ್ಲಿ ಬಂದಿದ್ದು "ಗಾಳಿಗೆ ಉರುಳಿದ ಮರ" ಅಂತ.

ಕೊಂಬೆ ಸವರೋದರ ವಿಷಯ ಇನ್ನೊಂದು ನೋವು. ವೈರಿಗೆ ತಾಗುತ್ತೆ ಅಂತ ಮರದ ತಲೆಯನ್ನೇ ಬೋಳಿಸಿಬಿಡ್ತಾರೆ. ಕರೆಂಟ್ ಎಲ್ಲರಿಗೂ ಬೇಕು, ಸವರಲೇಬೇಕು, ಒಪ್ತೀನಿ. ಆದ್ರೆ ತಲೆ ಕತ್ತರಿಸಿದ ಮರ ಹೆದರಿಕೊಂಡ ಹಾಗೆ ಒಂದೇ ಕಡೆಯಿಂದ ಹತ್ತಾರು ಚಿಗುರು ಬಿಡುತ್ತೆ, ಅವು ಬೇಗ ಬೆಳೀತವೆ ಆದ್ರೆ ಮರಕ್ಕೆ ಗಟ್ಟಿಯಾಗಿ ಕೂತಿರಲ್ಲ, ಮೇಲುಮೇಲೆ ಅಂಟಿಕೊಂಡಿರ್ತವೆ, ಕೆಲವು ವರ್ಷದಲ್ಲಿ ಮತ್ತೆ ವೈರ್ ತಲುಪ್ತವೆ, ಈ ಸಲ ಮೊದಲಿಗಿಂತ ಸುಲಭವಾಗಿ ಮುರಿದು ಬೀಳ್ತವೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಅನ್ನೋ ವಿಜ್ಞಾನಿ ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನ ಉದ್ದುದ್ದಕ್ಕೆ ಸೀಳಿ ನೋಡಿದೋರು. ಅವರು ಕಂಡುಕೊಂಡಿದ್ದು ಏನಂದ್ರೆ ನಮ್ಮ ಚರ್ಮದ ಗಾಯ ಮಾಯುತ್ತಲ್ಲ, ಮರದ ಗಾಯ ಹಾಗೆ ಮಾಯೋದಿಲ್ಲ, ಮರ ಆ ಗಾಯದ ಸುತ್ತ ಒಳಗಡೆ ಗೋಡೆ ಕಟ್ಟಿ ಕೊಳೆಯನ್ನ ಅಲ್ಲೇ ಬಂಧಿಸುತ್ತೆ, ಅದರ ಮೇಲೆ ಹೊಸ ಪದರ ಬೆಳೆಸ್ಕೊಂಡು ಮುಂದೆ ಹೋಗುತ್ತೆ. ಕೊಂಬೆ ಕಾಂಡಕ್ಕೆ ಸೇರೋ ಕಡೆ ಸ್ವಲ್ಪ ಉಬ್ಬಿದ ಬಳೆ ಥರದ ಭಾಗ ಇರುತ್ತೆ. ಅದನ್ನ ಬಿಟ್ಟು ಅದರ ಸ್ವಲ್ಪ ಆಚೆಗೆ ಕತ್ತರಿಸಿದ್ರೆ ಮರಕ್ಕೆ ಗೋಡೆ ಕಟ್ಟೋಕೆ ಆಗುತ್ತೆ, ಅದನ್ನೂ ಸೇರಿಸಿ ಕಾಂಡಕ್ಕೆ ನುಣ್ಣಗೆ ಸವರಿದ್ರೆ ಕೊಳೆ ನೇರವಾಗಿ ಕಾಂಡದೊಳಕ್ಕೆ ಹೋಗುತ್ತೆ. ಒಂದೆರಡು ಇಂಚಿನ ವ್ಯತ್ಯಾಸ ಅಷ್ಟೇ. ನಾವು ಇದನ್ನ ಲೈನ್ ಕೆಲಸದ ಹುಡುಗರಿಗೆ ತೋರಿಸಿದಾಗ ಅವರು ಬಹಳ ಆಸಕ್ತಿಯಿಂದ ಕೇಳಿಸ್ಕೊಂಡ್ರು, ಒಬ್ಬ ಹುಡುಗ ಹೇಳಿದ ಮಾತು ನನಗೆ ಮರೆಯಕ್ಕಾಗಲ್ಲ, "ಅಮ್ಮಾ, ಇಷ್ಟು ವರ್ಷದಿಂದ ಕಡೀತಿದ್ದೀನಿ, ಎಲ್ಲಿ ಕಡೀಬೇಕು ಅಂತ ಯಾರೂ ಹೇಳಿರ್ಲಿಲ್ಲ."

ಯಾವ ಗಿಡ ನೆಡ್ಬೇಕು ಅನ್ನೋದರಲ್ಲಿ ನಮ್ಮೊಳಗೇ ಜಗಳ ಆಗಿದೆ. ಬೇಗ ಬೆಳೆಯೋದು, ಚೆನ್ನಾಗಿ ಹೂ ಬಿಡೋದು ಒಂದೇ ಜಾತಿ ತಂದು ಇಡೀ ರಸ್ತೆಗೆ ಹಾಕಿಬಿಡೋಣ, ನೋಡೋಕೂ ಒಂದೇ ಥರ ಇರುತ್ತೆ ಅಂತ ಹಲವರ ಆಸೆ. ನಾನು ಅದಕ್ಕೆ ಅಡ್ಡ ನಿಂತವಳು. ಯೂರೋಪು ಅಮೆರಿಕದ ಎಷ್ಟೋ ಊರುಗಳಲ್ಲಿ ರಸ್ತೆಗಳ ಎರಡೂ ಬದಿಗೆ ಎಲ್ಮ್ ಅನ್ನೋ ಒಂದೇ ಮರ ಇತ್ತು, ಕಮಾನಿನ ಥರ ಮೇಲೆ ಕೂಡ್ಕೊಂಡು ನೆರಳು ಕೊಡ್ತಿತ್ತು. ಜೀರುಂಡೆಗಳಿಂದ ಹರಡೋ ಒಂದು ಶಿಲೀಂಧ್ರ ರೋಗ ಬಂತು, ಕೋಟಿಗಟ್ಟಲೆ ಎಲ್ಮ್ ಮರಗಳು ಒಣಗಿ ಹೋದ್ವು, ರಸ್ತೆಗೆ ರಸ್ತೆನೇ ಬೋಳಾಯ್ತು. ಅದಾದ್ಮೇಲಾದ್ರೂ ಬುದ್ಧಿ ಬಂತಾ, ಅಮೆರಿಕದ ಎಷ್ಟೋ ಕಡೆ ಎಲ್ಮ್ ಹೋದ ಜಾಗಕ್ಕೆ ಆಶ್ ಅನ್ನೋ ಮರಾನ ಅದೇ ರೀತಿ ಸಾಲಾಗಿ ಹಾಕಿದ್ರು, 2002ರಲ್ಲಿ ಡೆಟ್ರಾಯಿಟ್ ಹತ್ರ ಏಷ್ಯಾದಿಂದ ಬಂದ ಒಂದು ಹಸಿರು ಕೊರಕ ಹುಳು ಕಣ್ಣಿಗೆ ಬಿತ್ತು, ಅದು ಕೋಟಿಗಟ್ಟಲೆ ಆಶ್ ಮರಗಳನ್ನ ತಿಂದು ಹಾಕಿದೆ. ಫ್ರಾಂಕ್ ಸಾಂಟಮೋರ್ ಅನ್ನೋ ವಿಜ್ಞಾನಿ 1990ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ರು, ಒಂದು ಊರಿನ ಮರಗಳಲ್ಲಿ ಒಂದೇ ಪ್ರಭೇದ, ಅಂದ್ರೆ ಒಂದೇ ಜಾತಿಯ ಮರ, ಶೇ 10ಕ್ಕಿಂತ, ಒಂದೇ ಕುಲ, ಅಂದ್ರೆ ಹತ್ತಿರದ ಜಾತಿಗಳ ಗುಂಪು, ಶೇ 20ಕ್ಕಿಂತ, ಒಂದೇ ಕುಟುಂಬ, ಅಂದ್ರೆ ಅಂಥ ಕುಲಗಳ ದೊಡ್ಡ ಗುಂಪು, ಶೇ 30ಕ್ಕಿಂತ ಜಾಸ್ತಿ ಬೇಡ ಅಂತ. ಈಗ ನಮ್ಮ ನೋಟ್‌ಬುಕ್‌ನಲ್ಲಿ ಮರದ ಜಾತಿ, ಎದೆ ಮಟ್ಟದಲ್ಲಿ ಅಳೆದ ಸುತ್ತಳತೆ, ಎಲ್ಲಿದೆ, ಹೇಗಿದೆ ಎಲ್ಲ ಬರ್ಕೊಳ್ತೀವಿ. ಬರೆದಾಗ್ಲೇ ಗೊತ್ತಾಗಿದ್ದು, ನಾವು ಕಣ್ಣಂದಾಜಲ್ಲಿ "ತರಹೇವಾರಿ ಇದೆ" ಅಂದ್ಕೊಂಡಿದ್ದ ರಸ್ತೆಗಳಲ್ಲಿ ಮೂರ್ನಾಲ್ಕೇ ಜಾತಿ ಇತ್ತು.

ಆಮೇಲೆ ಈ "ಒಂದು ಕಡಿದ್ರೆ ಹತ್ತು ನೆಡ್ತೀವಿ" ಅನ್ನೋ ಮಾತು. ಕೇಳೋಕೆ ಲಾಭದ ವ್ಯಾಪಾರದ ಥರ ಇದೆ. ಐವತ್ತು ವರ್ಷದ ಒಂದು ಮರದಲ್ಲಿ ಎಷ್ಟು ಎಲೆ ಇರುತ್ತೆ, ಮೊಣಕೈ ಎತ್ತರದ ಹತ್ತು ಸಸಿಯಲ್ಲಿ ಎಷ್ಟು ಇರುತ್ತೆ ಅಂತ ಒಂದು ಸಲ ಮೇಲೆ ನೋಡಿ ಸಾಕು. ತಂಪು ಕೊಡೋದು ಎಲೆ. ಬಿಸಿಲನ್ನ ತಡೆಯೋದೂ ಅದೇ, ಬೇರು ಎಳೆದ ನೀರನ್ನ ಆವಿ ಮಾಡಿ ಗಾಳಿ ತಣ್ಣಗೆ ಮಾಡೋದೂ ಅದೇ, ಮಳೆ ಹನಿಯನ್ನ ಹಿಡಿದು ನಿಧಾನಕ್ಕೆ ಕೆಳಗೆ ಬಿಡೋದೂ ಅದೇ. ಪೊಟರೆಯಲ್ಲಿ ಗೂಡು ಮಾಡೋ ಗಿಳಿಗೆ, ಗೂಬೆಗೆ ಸಸಿಯಲ್ಲಿ ಪೊಟರೆ ಎಲ್ಲಿಂದ ತರ್ತೀರಿ. ಆ ಹತ್ತು ಸಸಿಯನ್ನ ಹೆಚ್ಚಾಗಿ ನೆಡೋದೂ ಆ ರಸ್ತೆಯಲ್ಲಲ್ಲ, ಎಲ್ಲೋ ದೂರದಲ್ಲಿ. ಬಿಸಿಲಲ್ಲಿ ಬಸ್ಸಿಗೆ ಕಾಯೋ ಮುದುಕಿ ಆ ನೆರಳಿಗೆ ಅಷ್ಟು ದೂರ ಹೋಗಿ ನಿಲ್ಲೋಕಾಗುತ್ತಾ.

ಕಾನೂನು ಇಲ್ಲ ಅಂತ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷ ಅಧಿಕಾರಿ ಅನ್ನೋ ಹುದ್ದೆ ಇದೆ, ಅನುಮತಿ ಇಲ್ದೆ ಮರ ಕಡಿಯೋ ಹಾಗಿಲ್ಲ. ಅದರಲ್ಲಿ ಮರ ಕಡಿಯೋದು ಅಂದ್ರೆ ಬುಡಕ್ಕೆ ಕೊಡಲಿ ಹಾಕೋದು ಮಾತ್ರ ಅಲ್ಲ, ಸುತ್ತ ತೊಗಟೆ ಸುಲಿಯೋದು, ಸುಡೋದು, ವಿಷ ಹಾಕೋದು ಕೂಡ ಸೇರುತ್ತೆ. ಬುಡದಲ್ಲಿ ಕಸ ಗುಡ್ಡೆ ಹಾಕಿ ಬೆಂಕಿ ಹಚ್ಚೋರಿಗೆ ಈ ಮಾತು ಹೇಳಿದ್ರೆ ಆಶ್ಚರ್ಯ ಪಡ್ತಾರೆ. ಆದ್ರೆ ಕಡಿಯೋ ವಿಷಯ ಜನಕ್ಕೆ ಗೊತ್ತಾಗೋದು ಗರಗಸದ ಸದ್ದು ಕೇಳಿದ ಮೇಲೆ, ಅಲ್ಲೇ ಎಲ್ಲ ಮುಗೀತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1899ರಿಂದ ಪ್ರತಿ ಊರಿಗೂ ಒಬ್ಬ ಟ್ರೀ ವಾರ್ಡನ್, ಅಂದ್ರೆ ಸಾರ್ವಜನಿಕ ಮರಗಳ ಹೊಣೆ ಹೊತ್ತೋರು, ಇರ್ಲೇಬೇಕು, ಅಲ್ಲಿ ರಸ್ತೆ ಬದಿಯ ನೆರಳಿನ ಮರ ಕಡಿಯೋಕೆ ಮುಂಚೆ ಸಾರ್ವಜನಿಕರ ಮುಂದೆ ವಿಚಾರಣೆ ಆಗ್ಬೇಕು, ಆ ಮರದ ಮೈಮೇಲೇ ನೋಟಿಸ್ ಅಂಟಿಸ್ಬೇಕು, ಊರಿನ ಪತ್ರಿಕೆಯಲ್ಲಿ ಎರಡು ವಾರ ಪ್ರಕಟ ಮಾಡ್ಬೇಕು. ಕಾನೂನಿನ ಹಳ್ಳ ದಿಣ್ಣೆ ಅಲ್ಲೂ ಇರುತ್ತೆ ಬಿಡಿ, ನನಗೆ ಹಿಡಿಸಿದ್ದು ಆ ಮರದ ಮೇಲಿನ ನೋಟಿಸು. ದಿನಾ ಅದರ ಕೆಳಗೆ ಓಡಾಡೋರು ಓದ್ತಾರೆ, ಓದಿದೋರು ಕೇಳ್ತಾರೆ. ಮತ್ತೆ ಪತ್ರಿಕೆ. ಅಲ್ಲಿ ಪತ್ರಿಕೆಗೆ ಕಾನೂನೇ ಒಂದು ಜಾಗ ಕೊಟ್ಟಿದೆ ನೋಡಿ. ನೀವು ಇಲ್ಲಿ ಕಾನೂನು ಹೇಳೋ ತನಕ ಕಾಯ್ಬೇಕಾಗಿಲ್ಲ, ಮದುವೆ ಹಾಲ್ ಜಾಹೀರಾತಿನ ಪಕ್ಕ ನಾಲ್ಕು ಸಾಲು ಜಾಗ ಸಾಕು, ಈ ವಾರ ಯಾವ ಯಾವ ರಸ್ತೆಯಲ್ಲಿ ಎಷ್ಟು ಮರ ಕಡಿಯೋಕೆ ಅರ್ಜಿ ಬಂದಿದೆ ಅಂತ.

ನಾವು ಕಡಿಯೋದನ್ನೆಲ್ಲ ತಡೀತೀವಿ ಅಂತ ಜನ ತಿಳ್ಕೊಂಡಿದ್ದಾರೆ, ಅದು ಸರಿ ಅಲ್ಲ. ಒಳಗೆ ಪೂರ್ತಿ ಟೊಳ್ಳಾಗಿ ಶಾಲೆಯ ಕಡೆಗೆ ವಾಲಿದ್ದ ಒಂದು ಮರಾನ ತೆಗೆಸಿ ಅಂತ ಅರ್ಜಿ ಕೊಟ್ಟಿದ್ದು ನಾವೇ. ಅವತ್ತು ನಮ್ಮಲ್ಲಿ ಇಬ್ಬರು ಅತ್ರು. ಆದ್ರೂ ಕೊಟ್ವಿ, ಮಕ್ಕಳ ತಲೆ ಮೇಲೆ ಕೊಂಬೆ ಬೀಳೋ ತನಕ ಮರದ ಮೇಲಿನ ಪ್ರೀತಿ ಹಿಡ್ಕೊಂಡು ಕೂರೋಕಾಗಲ್ಲ. ಅದರ ಜಾಗದಲ್ಲಿ ಮುಂದಿನ ಮಳೆಗೆ ಒಂದು ಹೊಂಗೆ ನೆಟ್ವಿ, ಎರಡನೇ ತರಗತಿ ಮಕ್ಕಳು ತಮ್ಮ ನೀರಿನ ಬಾಟಲಿಯಲ್ಲಿ ಮಿಕ್ಕ ನೀರನ್ನ ಸಾಯಂಕಾಲ ಅದಕ್ಕೇ ಸುರಿದು ಮನೆಗೆ ಹೋಗ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ, ಒಂದು ಮಗು ಶುರು ಮಾಡ್ತು, ಉಳಿದವು ಹಿಂದೆ ಬಿದ್ವು. ರಜೆ ದಿನಗಳಲ್ಲಿ ಮಾತ್ರ ನಮ್ಮ ಪಾಳಿ.

ಆದ್ದರಿಂದ ಸಂಪಾದಕರೇ, ಕೋರಿಕೆ ಮತ್ತೊಮ್ಮೆ. ಈ ವರ್ಷ ಗಿಡ ನೆಟ್ಟ ಸುದ್ದಿ ಬರೆಯುವಾಗ ಎಷ್ಟು ನೆಟ್ರು ಅನ್ನೋದರ ಜೊತೆ ನೀರು ಹಾಕೋರು ಯಾರು ಅಂತ ಒಂದು ಪ್ರಶ್ನೆ ಕೇಳಿ, ಉತ್ತರ ಅಚ್ಚು ಹಾಕಿ. ಉತ್ತರ ಕೊಡದ ಕಾರ್ಯಕ್ರಮದ ಫೋಟೋ ಹಾಕ್ಬೇಡಿ. ಮೂರನೇ ಬೇಸಿಗೆಗೆ ಅದೇ ಜಾಗಕ್ಕೆ ಹೋಗಿ, ಮೊದಲು ಬೇಕಾದ್ರೆ ನಮ್ಮ ಸಮಿತಿಯ ಗಿಡಗಳಿಗೇ ಬನ್ನಿ, ನೋಟ್‌ಬುಕ್ ತೆಗೆದು ತೋರಿಸ್ತೀವಿ, ಸತ್ತಿರೋದನ್ನೂ ಬರೆದಿಟ್ಟಿದ್ದೀವಿ, ಮುಚ್ಚಿಡಲ್ಲ.

ಓದುಗರಲ್ಲಿ ಯಾರಿಗಾದ್ರೂ ಕೈ ಸೇರಿಸೋ ಮನಸ್ಸಿದ್ರೆ ಸಮಿತಿಗೆ ಸೇರೋದೇನೂ ಬೇಡ, ನಿಮ್ಮ ಗೇಟ್ ಆಚೆ ಇರೋ ಒಂದು ಗಿಡದ ಬುಡದಲ್ಲಿ ಪಾತಿ ಮಾಡಿ ನೀರು ಇಳಿಸಿ, ಕಾಂಕ್ರೀಟ್ ಇದ್ರೆ ಸುತ್ತ ಒಂದು ಮೀಟರ್ ಬಿಡಿಸೋಕೆ ಸಂಬಂಧಪಟ್ಟೋರಿಗೆ ಒಂದು ಅರ್ಜಿ ಬರೀರಿ. ನಮಗೆ ಈ ಭಾನುವಾರ ಹಳೇ ಗಾರ್ಡ್ ಕತ್ತರಿಸೋ ಕೆಲಸ ಇದೆ, ಎರಡು ಮರ ಆಗ್ಲೇ ಸರಳನ್ನ ಒಳಗೆ ಎಳ್ಕೊಳ್ಳೋಕೆ ಶುರು ಮಾಡಿದಾವೆ, ಇನ್ನು ತಡ ಮಾಡೋ ಹಾಗಿಲ್ಲ.

ಇಂತಿ,
ಮರ ಸಮಿತಿಯ ಒಬ್ಬ ಸದಸ್ಯೆ